ನಡುಮನೆಗೆ ಬಂದ ಫ್ರಿಜ್

ಫ್ರಿಜ್ ಅನ್ನುವುದು ಅಡುಗೆಮನೆಯಲ್ಲಿ ಇರಬೇಕಾದ ವಸ್ತು ಎಂದು ತುಮಕೂರಿನ ಸದಾಶಿವನಗರದ ನಮ್ಮ ಬೀದಿಯಲ್ಲಿ ಯಾರೂ ಒಪ್ಪುತ್ತಿರಲಿಲ್ಲ. ಅಷ್ಟು ದುಡ್ಡು ಸುರಿದು ತಂದದ್ದನ್ನು ಒಲೆ ಪಕ್ಕದಲ್ಲಿ ನಿಲ್ಲಿಸಿದರೆ ನೋಡುವವರು ಯಾರು? ಹಾಗಾಗಿ ಫ್ರಿಜ್ ಕೊಂಡವರೆಲ್ಲ ಅದನ್ನು ನಡುಮನೆಯಲ್ಲಿ, ಮುಂಬಾಗಿಲು ತೆಗೆದ ಕೂಡಲೇ ಕಣ್ಣಿಗೆ ಬೀಳುವ ಹಾಗೆ ನಿಲ್ಲಿಸುತ್ತಿದ್ದರು. ಅದರ ತಲೆಗೊಂದು ಕಸೂತಿ ಬಟ್ಟೆ ಹೊದಿಸಿ, ಹಿಡಿಕೆಗೂ ಒಂದು ಪುಟ್ಟ ಗವಸು ಹೊಲಿಸಿ ತೊಡಿಸುತ್ತಿದ್ದರು. ಎಂಬತ್ತರ ದಶಕದ ಮಾತು. ನಾನು ಆಗ ಅಲ್ಲೇ ಕಾಲೇಜು ಓದುತ್ತಿದ್ದೆ. ಆ ವಯಸ್ಸಿನಲ್ಲಿ ನನಗೆ ಎಲ್ಲದಕ್ಕೂ ಸಿಟ್ಟು ಬರುತ್ತಿತ್ತು. ಮಿಕ್ಕ ಸಿಟ್ಟುಗಳೆಲ್ಲ ಇಳಿದವು. ಫ್ರಿಜ್ಜಿನ ಮೇಲಿನದು ಇಳಿಯಲಿಲ್ಲ.

ನಮ್ಮ ಮನೆಯಲ್ಲಿ ಫ್ರಿಜ್ ಒಂದು ಬಿಟ್ಟು ಮಿಕ್ಕಿದ್ದೆಲ್ಲ ಇತ್ತು. ಅದಕ್ಕೆ ಕಾರಣ ಅಮ್ಮ. ಅಮ್ಮನನ್ನು ಬೈಯುವ ಮೊದಲು ಅವಳ ಕಡೆಯ ಮಾತನ್ನೂ ಹೇಳಿಬಿಡಬೇಕು. ಅವಳ ತವರು ಗುಬ್ಬಿ ಕಡೆ, ತೆಂಗಿನ ತೋಟವಿದ್ದ ಮನೆ. ಆದರೆ ಅವಳು ನಾಲ್ಕನೆಯ ಮಗಳು. ಅವಳ ಮದುವೆಯ ಹೊತ್ತಿಗೆ ಮನೆಯ ಪಾತ್ರೆಗಳೆಲ್ಲ ಅಕ್ಕಂದಿರ ಜತೆ ಹೋಗಿಯಾಗಿತ್ತು. ಗೂಳೂರಿನ ಗಂಡನ ಮನೆಗೆ ಎರಡು ತಪ್ಪಲೆ, ಒಂದು ಬಿಂದಿಗೆ ಹಿಡಿದುಕೊಂಡು ಬಂದಳಂತೆ. ಹೊಸಿಲು ದಾಟಿದ ದಿನವೇ ದೊಡ್ಡ ವಾರಗಿತ್ತಿ ಗಂಟು ಬಿಚ್ಚಿ ನೋಡಿ, "ಇಷ್ಟೇ ಏನವ್ವ?" ಅಂದಳಂತೆ. ಆ ಒಂದು ಮಾತು ಅಮ್ಮನ ಕಿವಿಯಿಂದ ಹೋಗಲೇ ಇಲ್ಲ. ನಾವು ಏನಾದರೂ ಬೇಡ ಅಂದರೆ ಸಾಕು, "ಇಷ್ಟೇ ಏನವ್ವ ಅನ್ನಿಸ್ಕೊಂಡೋಳು ನಾನು, ನಿಮ್ಗೇನ್ ಗೊತ್ತು" ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಎಪ್ಪತ್ತರ ದಶಕದಲ್ಲಿ ಅಪ್ಪನಿಗೆ ಗುಬ್ಬಿಯಲ್ಲಿ ಸರ್ಕಾರಿ ಕಚೇರಿಯ ಕೆಲಸ. ಅಲ್ಲಿಂದಲೇ ಶುರುವಾಯಿತು. ಊರಿಗೆ ಸ್ಟೀಲ್ ಪಾತ್ರೆ ಬಂದದ್ದೇ ತಡ, ಮನೆಯಲ್ಲಿದ್ದ ಹಿತ್ತಾಳೆ, ಕಂಚು ಎಲ್ಲ ತೂಕಕ್ಕೆ ಹೋಗಿ ಸ್ಟೀಲ್ ಆಗಿ ವಾಪಸ್ ಬಂತು. ಬಂದದ್ದು ಬಳಕೆಗಲ್ಲ. ಅಪ್ಪನ ಹೆಸರು ಕೊರೆಸಿ, ತೊಳೆದು, ಒರೆಸಿ, ಸಾಲಾಗಿ ಜೋಡಿಸುವುದಕ್ಕೆ. ನಾವು ಉಣ್ಣುತ್ತಿದ್ದದ್ದು ಸೊಟ್ಟಗಾದ ಅಲ್ಯೂಮಿನಿಯಂ ತಟ್ಟೆಯಲ್ಲೇ. ತುಮಕೂರಿಗೆ ವರ್ಗವಾಗಿ ಬಂದ ಮೇಲೆ ಸ್ಟೀಲಿನ ಕಾಲ ಮುಗಿದು ಶೋಕೇಸಿನ ಕಾಲ ಬಂತು. ಆಮೇಲೆ ಸೋಫಾ. ಅದರ ಪ್ಲಾಸ್ಟಿಕ್ ಹೊದಿಕೆಯನ್ನು ಅಮ್ಮ ಕೊನೆಯವರೆಗೂ ತೆಗೆಯಲಿಲ್ಲ, ಬೇಸಗೆಯಲ್ಲಿ ಕೂತು ಎದ್ದರೆ ತೊಡೆ ಕಿತ್ತು ಬಂದ ಹಾಗೆ ಆಗುತ್ತಿತ್ತು. ಆಮೇಲೆ ಎರಡು ಕಡೆ ಸರಿಯುವ ಬಾಗಿಲಿನ ಟೀವಿ, ಆ ಬಾಗಿಲಿಗೆ ಬೀಗ. ಆಮೇಲೆ ಮಿಕ್ಸಿ. ತವರಿನ ತೋಟದ ಕೊಬ್ಬರಿಯಲ್ಲಿ ಅಮ್ಮನಿಗೊಂದು ಪಾಲು ಬರುತ್ತಿತ್ತು, ಅಷ್ಟೂ ಹೀಗೇ ಹೋಗುತ್ತಿತ್ತು.

ಹೊಸದು ಬಂದ ವಾರ ಅಮ್ಮನ ಮುಖ ನೋಡಬೇಕಿತ್ತು. ಎಳೆ ಹುಡುಗಿಯ ಹಾಗೆ ಓಡಾಡುತ್ತಿದ್ದಳು, ಅಪ್ಪನ ಜತೆ ನಗುನಗುತ್ತಾ ಮಾತಾಡುತ್ತಿದ್ದಳು. ನನಗೂ ಆ ಒಂದು ವಾರ ಮನೆ ಹಿತವಾಗಿ ಇರುತ್ತಿತ್ತು, ಸುಳ್ಳೇಕೆ ಹೇಳಲಿ. ಆಮೇಲೆ ಬೀದಿಯಲ್ಲಿ ಯಾರ ಮನೆಗೋ ಅದಕ್ಕಿಂತ ದೊಡ್ಡದು ಬರುತ್ತಿತ್ತು. ಅಮ್ಮನ ಮುಖ ಸಪ್ಪಗಾಗುತ್ತಿತ್ತು. ಹೋದ ತಿಂಗಳಷ್ಟೇ ಆರತಿ ಎತ್ತಿಸಿಕೊಂಡ ವಸ್ತು ಧೂಳು ಹಿಡಿಯುತ್ತಾ ಕೂರುತ್ತಿತ್ತು.

ಮಿಕ್ಸಿಯ ಕಥೆ ಇನ್ನೂ ಚಂದ. ಕರೆಂಟು ಏರಿಳಿದರೆ ಸುಟ್ಟುಹೋಗುತ್ತದೆ ಎಂದು ಯಾರೋ ಹೆದರಿಸಿದ್ದರಿಂದ ಅದು ಡಬ್ಬದಿಂದ ಆಚೆ ಬಂದದ್ದೇ ಅಪರೂಪ. ರುಬ್ಬುತ್ತಿದ್ದವಳು ನನ್ನ ಅಕ್ಕ. ಕುಣಿಗಲ್ಲಿನ ಒಂದು ಖಾಸಗಿ ಹೈಸ್ಕೂಲಿನಲ್ಲಿ ಅವಳು ಟೀಚರ್. ಬೆಳಗಿನ ಬಸ್ಸು ಹಿಡಿಯುವ ಮೊದಲು ಹಿತ್ತಲಿನ ಒರಳುಕಲ್ಲಿನ ಮುಂದೆ ಕೂತು ಚಟ್ನಿ, ಖಾರ, ವಾರಕ್ಕೆರಡು ಸಲ ದೋಸೆ ಹಿಟ್ಟು ಎಲ್ಲ ರುಬ್ಬಿಟ್ಟೇ ಹೋಗುತ್ತಿದ್ದಳು. ಅವಳ ಬಲ ಅಂಗೈ ಗಡುಸಾಗಿತ್ತು. ನನಗೆ ತಲೆ ಬಾಚುವಾಗ ಹಣೆಗೆ ತಾಗಿದರೆ ತರಿತರಿಯಾಗಿರುತ್ತಿತ್ತು.

ಅದೇ ಶಾಲೆಯಲ್ಲಿ ಗಣಿತ ಹೇಳಿಕೊಡುವ ಮೇಷ್ಟ್ರೊಬ್ಬರಿದ್ದರು. ಕುಣಿಗಲ್ ಪಕ್ಕದ ಹಳ್ಳಿಯವರು. ಒಂದಿಷ್ಟು ರಾಗಿ ಹೊಲ, ತಾಯಿ, ತಂದೆ ತೀರಿಹೋದ ಮೇಲೆ ಮನೆ ನೋಡಿಕೊಳ್ಳುತ್ತಿದ್ದ ದೊಡ್ಡಪ್ಪ. ಸಂಜೆ ಸ್ಕೂಲು ಬಿಟ್ಟ ಮೇಲೆ ಅಕ್ಕ, ಅವರು ಬಸ್ ಸ್ಟ್ಯಾಂಡಿನವರೆಗೆ ಜತೆಯಲ್ಲಿ ನಡೆದು ಬರುತ್ತಿದ್ದರಂತೆ, ಅಷ್ಟೇ. ಅದನ್ನು ಅಕ್ಕ ನನ್ನೊಬ್ಬಳಿಗೆ ಹೇಳಿದ್ದಳು. ಹೇಳುವಾಗ ಬಟ್ಟೆ ಮಡಿಸುತ್ತಿದ್ದವಳು ಒಂದೇ ಸೀರೆಯನ್ನು ಮತ್ತೆ ಮತ್ತೆ ಮಡಿಸಿದಳು. ಗುಬ್ಬಿಯಲ್ಲಿದ್ದ ಅಪ್ಪನ ಹಳೆಯ ಸ್ನೇಹಿತರೊಬ್ಬರು ಮೇಷ್ಟ್ರ ಮನೆಯವರಿಗೂ ಬೇಕಾದವರು ಎಂದು ಗೊತ್ತಾಗಿ, ಮೇಷ್ಟ್ರೇ ಅವರನ್ನು ಹಿಡಿದು, ಮಾತು ಕ್ರಮವಾಗಿ ನಮ್ಮ ಮನೆಗೆ ಬರುವ ಹಾಗೆ ಮಾಡಿದರು. ಜಾತಕ ಕೂಡಿತು. ಭಾನುವಾರ ಹೆಣ್ಣು ನೋಡಲು ಬರುತ್ತೇವೆ ಎಂದು ಹೇಳಿ ಕಳಿಸಿದರು. ಅಕ್ಕನಿಗೆ ಆ ಮನೆ ಬೇಕಾಗಿತ್ತು. ಅವಳು ಅದುವರೆಗೂ ಏನನ್ನೂ ಬೇಕು ಎಂದು ಕೇಳಿದವಳಲ್ಲ.

ಆ ವಾರ ಅಮ್ಮನಿಗೆ ಒಂದೇ ಚಿಂತೆ. ನಡುಮನೆಯಲ್ಲಿ ಸೋಫಾಕ್ಕೂ ಶೋಕೇಸಿಗೂ ನಡುವೆ ಖಾಲಿ ಗೋಡೆ ಇತ್ತು. ಅದನ್ನೇ ನೋಡುತ್ತಾ ನಿಲ್ಲುತ್ತಿದ್ದಳು. ಕೊನೆಗೆ ಶನಿವಾರ ಪಕ್ಕದ ಮನೆಗೆ ಹೋಗಿ, ಒಂದು ದಿನದ ಮಟ್ಟಿಗೆ ಫ್ರಿಜ್ ಕೊಡಿ ಎಂದು ಅಲ್ಲಿನ ಆಂಟಿಯನ್ನು ಕೇಳಿಯೇಬಿಟ್ಟಳು. ಆಂಟಿಗೆ ತಮ್ಮ ಫ್ರಿಜ್ಜಿಗೆ ಇಷ್ಟು ಮರ್ಯಾದೆ ಸಿಕ್ಕಿದ್ದು ಖುಷಿಯೇ ಆಯಿತು. "ತಗೊಂಡೋಗ್ರಿ, ಆದ್ರೆ ಒಳಗಿರೋದು ಒಳಗೇ ಇರ್ಲಿ, ಸಂಜೆ ನಮ್ಗೆ ಮೊಸರು ಬೇಕು" ಅಂದರು. ಭಾನುವಾರ ಬೆಳಗ್ಗೆ ಅಪ್ಪ, ಆ ಮನೆಯ ಅಂಕಲ್, ಇನ್ನಿಬ್ಬರು ಸೇರಿ, ಮೊಸರು ಹೂವಿನ ಸಮೇತ ಫ್ರಿಜ್ಜನ್ನು ಹಗ್ಗ ಕಟ್ಟಿ, ಎರಡು ಮನೆಗಳ ಮೆಟ್ಟಿಲು ಇಳಿಸಿ ಹತ್ತಿಸಿ ತಂದರು. ಅಪ್ಪನ ಸೊಂಟ ಹಿಡಿದುಕೊಂಡಿತು. ತಂದು ನಿಲ್ಲಿಸಿದ ಮೇಲೆ ನೋಡಿದರೆ ನಮ್ಮ ನಡುಮನೆಯಲ್ಲಿ ಆ ದಪ್ಪ ಪ್ಲಗ್ಗು ಹಿಡಿಸುವ ಪಾಯಿಂಟೇ ಇಲ್ಲ.

"ಇರ್ಲಿ ಬುಡಿ. ನೋಡಾಕೆ ತಾನೆ" ಅಂದಳು ಅಮ್ಮ.

ಮಧ್ಯಾಹ್ನ ಅವರು ಬಂದರು. ಮೇಷ್ಟ್ರು, ಅವರ ತಾಯಿ, ದೊಡ್ಡಪ್ಪ, ಮಾತು ತಂದಿದ್ದ ಗುಬ್ಬಿಯ ಹಿರಿಯರು. ಬಸ್ಸಿಳಿದು ನಡೆದುಕೊಂಡೇ ಬಂದಿದ್ದರು. ತಾಯಿ ಚಪ್ಪಲಿಯನ್ನು ಗೇಟಿನ ಆಚೆಯೇ ಬಿಟ್ಟು ಬಂದರು. ಸೋಫಾದ ಪ್ಲಾಸ್ಟಿಕ್ ಸದ್ದು ಮಾಡಿದ್ದಕ್ಕೆ ಬೆಚ್ಚಿ, ಅಂಚಿನಲ್ಲೇ ಕೂತರು. ಅವರ ಕಣ್ಣು ಟೀವಿಯ ಮೇಲೆ, ಶೋಕೇಸಿನ ಮೇಲೆ, ಡಬ್ಬದಿಂದ ಅವತ್ತು ಎದ್ದು ಬಂದು ಸ್ಟೂಲಿನ ಮೇಲೆ ಕೂತಿದ್ದ ಮಿಕ್ಸಿಯ ಮೇಲೆ ಹೋಗಿ, ಫ್ರಿಜ್ಜಿನ ಮೇಲೆ ನಿಂತಿತು. ಅಮ್ಮ ಅದಕ್ಕೇ ಕಾಯುತ್ತಿದ್ದಳು. ಬಾಗಿಲನ್ನು ಗೇಣಷ್ಟೇ ತೆರೆದು, ದೀಪ ಹತ್ತದಿರುವುದು ಕಾಣದ ಹಾಗೆ ಮೈ ಅಡ್ಡ ಇಟ್ಟು, ಬೆಳಗ್ಗೆ ಮಡಕೆಯಿಂದ ತುಂಬಿಸಿಟ್ಟಿದ್ದ ನೀರಿನ ಬಾಟಲಿ ತೆಗೆದಳು.

"ತಣ್ಣಗಿನ ನೀರು ತಗೊಳ್ಳಿ. ಬಿಸಿಲಲ್ಲಿ ಬಂದಿದೀರಿ."

"ತಣ್ಣಂದು ಬ್ಯಾಡ ಕಣಮ್ಮ, ಹಲ್ಲು ಜುಂ ಅಂತದೆ. ಸುಮ್ನೆ ಮನೆ ನೀರು ಕೊಡಿ" ಅಂದರು ಆ ತಾಯಿ.

ಅಕ್ಕ ಉಪ್ಪಿಟ್ಟು, ಕೇಸರಿಬಾತು ತಂದಿಟ್ಟು ಎದುರಿಗೆ ಕೂತಳು. ಆ ತಾಯಿ ಅವಳನ್ನು ತುಂಬಾ ಹೊತ್ತು ನೋಡಿದರು. ನೋಟದಲ್ಲಿ ಕೊಂಕಿರಲಿಲ್ಲ. ಆಮೇಲೆ ಮೆತ್ತಗೆ ಕೇಳಿದರು, "ನಮ್ಮಟ್ಟೀಲಿ ಇನ್ನೂ ಒರಳೇ ಕಣವ್ವ. ರುಬ್ಬಕ್ಕೆ ಬರ್ತದಾ ನಿಂಗೆ?"

ಅಕ್ಕ ತಲೆ ಎತ್ತಿದಳು. ಅವಳ ಮುಖದಲ್ಲಿ ನಗು ಬರುತ್ತಿತ್ತು. ಅಷ್ಟರಲ್ಲಿ ಅಮ್ಮ ಬಾಯಿ ಹಾಕಿದಳು. "ಅಯ್ಯೋ, ಒರಳು ಎಲ್ಲಿ ಮುಟ್ಟವ್ಳೆ ಇವ್ಳು. ನಮ್ಮನೇಲಿ ಎಲ್ಲಾ ಮಿಕ್ಸೀನೆ. ಮಕ್ಳಿಗೆ ಕಷ್ಟ ಅಂದ್ರೇನು ಅಂತಾನೇ ಗೊತ್ತಿಲ್ಲದಂಗೆ ಸಾಕಿದೀವಿ."

ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ತಡೆಯಲಾಗಲಿಲ್ಲ. "ಇಲ್ಲಮ್ಮ, ದಿನಾ ಅಕ್ಕನೇ ರುಬ್ಬೋದು" ಅಂದೆ. ಅಮ್ಮ ನಕ್ಕು, "ಇವ್ಳೊಬ್ಳು ತಮಾಷೆ ಮಾಡ್ತಾಳೆ" ಅಂದಳು. ಎಲ್ಲರೂ ನಕ್ಕರು. ಮೇಷ್ಟ್ರು ಮಾತ್ರ ನಗಲಿಲ್ಲ, ತಮ್ಮ ತಾಯಿಯ ಮುಖವನ್ನೇ ನೋಡುತ್ತಿದ್ದರು. ಹೆಣ್ಣು ನೋಡುವ ದಿನ ಹೆಣ್ಣು ತನ್ನ ತಾಯಿಯನ್ನು ಸುಳ್ಳುಗಾತಿ ಮಾಡುವ ಹಾಗಿಲ್ಲ. ಅಕ್ಕ ಅಂಗೈಗಳನ್ನು ಸೆರಗಿನೊಳಗೆ ಮುಚ್ಚಿ ಇಟ್ಟುಕೊಂಡು ಕೂತಿದ್ದಳು. ಆ ಕೈಯನ್ನು ಒಂದು ಸಲ ಚಾಚಿ ತೋರಿಸಿದ್ದರೆ ಸಾಕಿತ್ತು ಎಂದು ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಸಂಜೆ ಫ್ರಿಜ್ ಅದರ ಮನೆಗೆ ಹೋಯಿತು. ಮೊಸರು ಹುಳಿ ಬಂದಿದೆ ಎಂದು ಆಂಟಿ ಮುಖ ಊದಿಸಿಕೊಂಡರು.

ವಾರ ಕಳೆದ ಮೇಲೆ ಗುಬ್ಬಿಯ ಹಿರಿಯರು ಉತ್ತರ ತಂದರು. ಹುಡುಗಿಯನ್ನು ಅವರು ಬಾಯಿ ತುಂಬಾ ಹೊಗಳಿದರಂತೆ. ಆದರೆ ಆ ತಾಯಿ ಹೆದರಿಕೊಂಡಿದ್ದಾರೆ. "ನಮ್ದು ಸೌದೆ ಒಲೆ, ಸಿಮೆಂಟೂ ಕಾಣದ ನೆಲ. ಅಷ್ಟು ಸುಖವಾಗಿ ಬೆಳೆದ ಕೂಸನ್ನ ತಂದು ಕಣ್ಣೀರು ಹಾಕ್ಸೋದು ನನ್ ಕೈಲಾಗಲ್ಲ" ಅಂದರಂತೆ. ಹಿರಿಯರು ಕಾಫಿ ಕುಡಿದು ಹೋದರು. ಅಕ್ಕ ಲೋಟ ತೊಳೆಯುತ್ತಾ ಬಹಳ ಹೊತ್ತು ಹಿತ್ತಲಲ್ಲೇ ಇದ್ದಳು.

ನಾನು ಅಮ್ಮನ ಮೇಲೆ ಹರಿಹಾಯ್ದೆ. ನಿಜ ಹೇಳಿಸು, ಈಗಲಾದರೂ ಹೇಳಿಸು ಅಂದೆ. ಅಪ್ಪ ಸೊಂಟಕ್ಕೆ ಎಣ್ಣೆ ಹಚ್ಚಿಕೊಳ್ಳುತ್ತಾ, "ಹೇಳೋದೇನಂತ?" ಅಂದರು. ಅಲ್ಲಿಯೇ ಇತ್ತು ತೊಡಕು. ಸುಮ್ಮನಿದ್ದರೆ ನಾವು ಅವರಿಗೆ ತೀರಾ ದೊಡ್ಡವರು. ಫ್ರಿಜ್ ನಮ್ಮದಲ್ಲ ಎಂದರೆ ತೀರಾ ಸಣ್ಣವರು, ಎರವಲು ತಂದು ಕಣ್ಣಿಗೆ ಮಣ್ಣೆರಚಿದವರು. ನಾವು ನಿಜವಾಗಿ ಏನಾಗಿದ್ದೆವೋ, ಒಂದು ಸಾಧಾರಣ ನೌಕರಿಯ ಮನೆ, ಒರಳಿನ ಮುಂದೆ ಕೂರುವ ಹುಡುಗಿ, ಅದನ್ನು ಹೇಳುವುದಕ್ಕೆ ದಾರಿಯೇ ಉಳಿದಿರಲಿಲ್ಲ. ಅಮ್ಮನಂತೂ, "ಮಾನ ಹೋಗೋ ಮಾತು ಯಾರಾದ್ರೂ ಆಡಿದ್ರೆ ನನ್ ಹೆಣ ನೋಡ್ತೀರ" ಎಂದುಬಿಟ್ಟಳು.

ಅಕ್ಕ ಅಮ್ಮನ ಮಾತು ಮೀರಿದ್ದು ಅದೇ ಮೊದಲ ಸಲ ಇರಬೇಕು. ಶನಿವಾರ ಅರ್ಧ ದಿನದ ಸ್ಕೂಲು. ನನ್ನನ್ನೂ ಜತೆಗೆ ಕುಣಿಗಲ್ಲಿಗೆ ಕರೆದುಕೊಂಡು ಹೋದಳು. ಮಧ್ಯಾಹ್ನ ಬಸ್ ಸ್ಟ್ಯಾಂಡಿನ ಟೀ ಅಂಗಡಿಯ ಪಕ್ಕ ಮೇಷ್ಟ್ರನ್ನು ನಿಲ್ಲಿಸಿ, ಪಾಠ ಒಪ್ಪಿಸುವ ಹಾಗೆ ಒಂದೇ ಉಸಿರಿಗೆ ಹೇಳಿದಳು. "ಆ ಫ್ರಿಜ್ ನಮ್ದಲ್ಲ, ಪಕ್ಕದ ಮನೆಯವ್ರದ್ದು. ಮಿಕ್ಸಿ ನಾವು ಮುಟ್ಟೋದೇ ಇಲ್ಲ. ದಿನಾ ರುಬ್ಬೋಳು ನಾನೇ. ನೋಡಿ ಬೇಕಾದ್ರೆ." ಅಂಗೈ ಚಾಚಿದಳು. ನಡು ಬೀದಿಯಲ್ಲಿ, ಅಷ್ಟು ಜನರ ಎದುರಿಗೆ.

ಮೇಷ್ಟ್ರು ಕೈ ನೋಡಿದರು, ಅವಳ ಮುಖ ನೋಡಿದರು. ಆಮೇಲೆ ನಕ್ಕರು. ಒಳ್ಳೆಯ ನಗು ಅದು. "ಇಷ್ಟೇನಾ ಟೀಚರ್? ನಮ್ಮವ್ವಂಗೆ ಇವತ್ತೇ ಹೇಳ್ತೀನಿ ಬುಡಿ. ಅವ್ಳೇ ಮೊದ್ಲು ಕುಣೀತಾಳೆ" ಅಂದರು. ವಾಪಸ್ ಬರುವಾಗ ಬಸ್ಸಿನಲ್ಲಿ ಅಕ್ಕ ಕಿಟಕಿ ಪಕ್ಕ ಕೂತು ನನಗೆ ಕಡ್ಲೆಕಾಯಿ ಸುಲಿದು ಸುಲಿದು ಕೊಟ್ಟಳು. ತಾನು ಒಂದೂ ತಿನ್ನಲಿಲ್ಲ. ಅವಳು ಅಷ್ಟು ಸಂತೋಷವಾಗಿದ್ದದ್ದನ್ನು ನಾನು ಆಮೇಲೆ ನೋಡಲಿಲ್ಲ, ಅಂಗಡಿಯಿಂದ ಮನೆಗೆ ಬಂದ ಯಾವ ವಸ್ತುವಿನ ಮುಂದೆಯೂ ಯಾರ ಮುಖದಲ್ಲೂ ಅಂಥದ್ದು ನೋಡಲಿಲ್ಲ.

ತಾಯಿ ಒಪ್ಪಿದರಂತೆ. ಒಪ್ಪದವರು ದೊಡ್ಡಪ್ಪ. "ಎಣ್ ನೋಡಕ್ ಓದ್ ದಿನಾನೇ ಎರವಲು ಸಾಮಾನಿಟ್ಟು ಏಮಾರ್ಸಿದೋರು, ನಾಳೆ ಇನ್ನೇನ್ ಮಾಡಾರು" ಅಂದರಂತೆ. ದೊಡ್ಡಪ್ಪನ ಮಾತಿನ ಎದುರಿಗೆ ಆ ಮನೆಯಲ್ಲಿ ಇನ್ನೊಂದು ಮಾತಿಲ್ಲ. ಮೇಷ್ಟ್ರೂ ಆಡಲಿಲ್ಲ. ತಲೆ ತಗ್ಗಿಸಿ ಅಕ್ಕನಿಗೆ ಇದಿಷ್ಟು ಹೇಳಿ, ತಮ್ಮ ಬಸ್ಸು ಹತ್ತಿದರು. ನನಗೆ ಅವರ ಮೇಲೂ ಕೆಟ್ಟ ಕೋಪ ಬಂತು. "ಅವ್ರು ಹೇಳೋದ್ರಲ್ಲಿ ತಪ್ಪೇನೈತೆ? ನಾವು ಏಮಾರ್ಸಿದ್ದು ನಿಜ ಅಲ್ವೇನೇ?" ಅಂದಳು ಅಕ್ಕ.

ವಿಷಯ ಅಮ್ಮನಿಗೆ ತಿಳಿದ ದಿನ ಮನೆಯಲ್ಲಿ ಒಲೆ ಹತ್ತಲಿಲ್ಲ. ಅತ್ತಳು, ಹಣೆ ಚಚ್ಚಿಕೊಂಡಳು. ಆಮೇಲೆ ಮೂಗು ಒರೆಸಿಕೊಂಡು, ಯೋಚನೆ ಮಾಡಿ, ಒಂದು ಮಾತು ಹೇಳಿದಳು. "ನಮ್ದೇ ಒಂದು ಫ್ರಿಜ್ ಇದ್ದಿದ್ರೆ ಈ ಗತಿ ಬರ್ತಿತ್ತೇನೆ?"

ಹೌದಲ್ಲ, ನಮ್ಮದೇ ಇದ್ದಿದ್ದರೆ ಎರವಲಿನ ಮಾತೇ ಬರುತ್ತಿರಲಿಲ್ಲ. ಈ ಲೆಕ್ಕ ಅಮ್ಮನಿಗೆ ಎಷ್ಟು ಸರಿಯಾಗಿ ಕೂಡಿಬಂತು ಅಂದರೆ, ನನಗೆ ತಲೆ ಗೋಡೆಗೆ ಚಚ್ಚಿಕೊಳ್ಳಬೇಕು ಅನ್ನಿಸಿತು. ಕೊಬ್ಬರಿ ದುಡ್ಡು ಬಂದ ತಿಂಗಳೇ ಫ್ರಿಜ್ ಬಂತು. ಆಕಾಶ ನೀಲಿ ಬಣ್ಣ, ಪಕ್ಕದ ಮನೆಯದಕ್ಕಿಂತ ಎತ್ತರ. ಈ ಸಲ ಮೊದಲೇ ಎಲೆಕ್ಟ್ರಿಷಿಯನ್‌ನನ್ನು ಕರೆಸಿ ಆ ಖಾಲಿ ಗೋಡೆಗೆ ಪಾಯಿಂಟು ಹಾಕಿಸಿದ್ದಳು. ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದು, ಬೀದಿಗೆಲ್ಲ ಸಕ್ಕರೆ ಹಂಚಿದಳು. ಒಳಗಿಡುವುದಕ್ಕೆ ನೀರಿನ ಬಾಟಲಿ ಬಿಟ್ಟು ನಮ್ಮಲ್ಲಿ ಏನೂ ಇರಲಿಲ್ಲ, ನಾವು ಅವತ್ತಿನದು ಅವತ್ತೇ ಮಾಡಿ ಉಣ್ಣುವವರು. ಅದು ಗುಂಯ್ ಎಂದು ಸದ್ದು ಮಾಡುತ್ತಾ ಹಗಲೂ ರಾತ್ರಿ ನೀರನ್ನು ಕಾಯುತ್ತಿತ್ತು.

ಅಕ್ಕ ಅದೇ ಸ್ಕೂಲಿಗೆ ಹೋಗಬೇಕು, ಅದೇ ಸ್ಟಾಫ್ ರೂಮಿನಲ್ಲಿ ಕೂರಬೇಕು. ಬೇಸಗೆ ರಜೆಯಲ್ಲಿ ಮೇಷ್ಟ್ರ ಮದುವೆಯಾಯಿತು. ಸ್ಕೂಲು ತೆರೆದ ದಿನ ಲಾಡು ಹಂಚಿದರಂತೆ. ಅಕ್ಕ ತನ್ನ ಪಾಲಿನದನ್ನು ಕಾಗದದಲ್ಲಿ ಸುತ್ತಿ ನನಗೆ ತಂದಳು. ನಾನು ಅದನ್ನು ಚರಂಡಿಗೆ ಎಸೆದೆ. "ತಿಂಡಿ ಮೇಲೆ ಯಾಕೆ ಸಿಟ್ಟು" ಅಂದಳು.

ಆ ವರ್ಷವೇ ಇನ್ನೊಂದು ಸಂಬಂಧ ಬಂತು. ತುಮಕೂರಿನವರೇ, ಪೇಟೆಯಲ್ಲಿ ಅಂಗಡಿ ಇಟ್ಟವರು, ಕ್ಯಾತ್ಸಂದ್ರದ ಕಡೆ ಸ್ವಂತ ಮನೆ ಕಟ್ಟಿಸಿದ್ದವರು. ಕಾರಿನಲ್ಲಿ ಬಂದರು. ಹುಡುಗ, ಅವನ ತಂದೆ ತಾಯಿ, ಇಬ್ಬರು ಅಕ್ಕಂದಿರು. ಅಂಚಿನಲ್ಲಿ ಕೂರುವ ಜನ ಅಲ್ಲ, ಸೋಫಾದ ತುಂಬಾ ಕೂತರು. ಹುಡುಗನ ತಂದೆ, ಅವತ್ತು ಬೀಗ ತೆಗೆದಿಟ್ಟಿದ್ದ ಟೀವಿಯ ಬಾಗಿಲು ಸರಿಸಿ ನೋಡಿ, ತಮ್ಮ ಮನೆಯದು ಬಣ್ಣದ್ದು ಎಂದು ತಿಳಿಸಿದರು. ಆಮೇಲೆ ಹೆಂಗಸರೆಲ್ಲ ಎದ್ದು ಫ್ರಿಜ್ಜಿನ ಹತ್ತಿರ ಹೋದರು. ಅಮ್ಮ ಈ ಸಲ ಬಾಗಿಲನ್ನು ಅಗಲವಾಗಿ ತೆರೆದಳು. ದೀಪ ಹತ್ತಿತು. ಐಸ್ ಎಷ್ಟು ಹೊತ್ತಿಗೆ ಆಗುತ್ತದೆ, ತರಕಾರಿ ಡಬ್ಬ ಪೂರ್ತಿ ಈಚೆಗೆ ಬರುತ್ತದಾ, ಬಣ್ಣ ಹೋಗುತ್ತದಾ ಎಂದು ಮಾತು ನಡೆಯಿತು. ಹುಡುಗನೂ ಹೋಗಿ ಇಣುಕಿದ. ಅಕ್ಕ ಕಾಫಿ ತಟ್ಟೆ ಹಿಡಿದು ಬಂದು, ಯಾರಿಗೆ ಕೊಡಬೇಕು ಗೊತ್ತಾಗದೆ, ನಡುಮನೆಯ ಮಧ್ಯದಲ್ಲಿ ನಿಂತಿದ್ದಳು. ಎಲ್ಲರ ತಲೆ ಫ್ರಿಜ್ಜಿನೊಳಗಿತ್ತು.

ಅವಳನ್ನು ಅವರು ಏನೂ ಕೇಳಲಿಲ್ಲ. ಏನು ಓದಿದ್ದೀಯ, ಏನು ಕೆಲಸ, ಹಾಡು ಬರುತ್ತದಾ, ಒಂದೂ ಇಲ್ಲ. ಹೊರಡುವ ಮುಂಚೆ ಹುಡುಗನ ತಾಯಿ, "ನಮ್ಗೆ ಒಪ್ಗೆ. ಮನೆ ನೋಡಿದ್ರೇ ಗೊತ್ತಾಗುತ್ತಲ್ಲ" ಅಂದರು. ಅಪ್ಪ ಕೈ ಮುಗಿದರು. ಕಾರು ತಿರುವಿನಲ್ಲಿ ಮರೆಯಾಗುವವರೆಗೂ ಅಮ್ಮ ಗೇಟಿನಲ್ಲೇ ನಿಂತಿದ್ದಳು. ಒಳಗೆ ಬಂದವಳ ಕಣ್ಣಲ್ಲಿ ನೀರು. "ನೋಡಿದ್ಯಾ? ಕೂಡಿ ಬಂತು ನೋಡು" ಎಂದು ನನ್ನ ಭುಜ ಹಿಡಿದು ಅಲ್ಲಾಡಿಸಿದಳು. ಅವಳು ಇಷ್ಟು ವರ್ಷ ಗುಡ್ಡೆ ಹಾಕಿದ್ದೆಲ್ಲ ಯಾಕೆ ಅನ್ನುವುದಕ್ಕೆ ಅವತ್ತು ಅವಳ ಪಾಲಿಗೆ ಉತ್ತರ ಸಿಕ್ಕಿತ್ತು.

ಹೊರಗಿನವರ ಕಣ್ಣು ಬಿದ್ದರೆ ದೃಷ್ಟಿ ತೆಗೆಯುವುದು ನಮ್ಮಲ್ಲಿ ವಾಡಿಕೆ. ಹೆಣ್ಣು ನೋಡಿ ಹೋದ ದಿನವಂತೂ ತಪ್ಪಿಸುವುದಿಲ್ಲ. ಅಮ್ಮ ಅಡುಗೆಮನೆಗೆ ಹೋಗಿ ಒಣಮೆಣಸಿನಕಾಯಿ, ಕಲ್ಲುಪ್ಪು ಮುಷ್ಟಿಯಲ್ಲಿ ಹಿಡಿದುಕೊಂಡು ಬಂದಳು. ರೇಷ್ಮೆ ಸೀರೆಯಲ್ಲಿ ಸುಸ್ತಾಗಿ ಕೂತಿದ್ದ ಅಕ್ಕ ಎದ್ದು, ಸೆರಗು ಸರಿ ಮಾಡಿಕೊಂಡು, ಪೂರ್ವಕ್ಕೆ ಮುಖ ಮಾಡಿ ನಿಂತಳು.

ಅಮ್ಮ ಅವಳನ್ನು ದಾಟಿ ಹೋದಳು. ಫ್ರಿಜ್ಜಿನ ಮುಂದೆ ನಿಂತು, ಮುಷ್ಟಿಯನ್ನು ಅದರ ತಲೆಯಿಂದ ಬುಡದವರೆಗೆ ನಿವಾಳಿಸತೊಡಗಿದಳು. "ಆ ಹೆಂಗಸ್ರ ಕಣ್ಣು ಹೆಂಗಿತ್ತು ನೋಡಿದ್ರಾ, ನುಂಗೋ ಹಂಗೆ ನೋಡಿದ್ರು" ಎಂದು ಗೊಣಗುತ್ತಿದ್ದಳು.

ಅಕ್ಕ ನಿಂತ ಜಾಗದಿಂದ ಕದಲಲಿಲ್ಲ. ದನಿಯನ್ನೂ ಏರಿಸಲಿಲ್ಲ. "ನಂಗೆ ಒಪ್ಗೆ ಇಲ್ಲ ಅಂತ ಅವ್ರಿಗೆ ಹೇಳಿ ಕಳಿಸ್ಬುಡಮ್ಮ" ಅಂದಳು.

ಅಮ್ಮನ ಕೈ ಅಲ್ಲಿಗೇ ನಿಂತಿತು. ತಿರುಗಿ ನೋಡಿದಳು. ಸಿಟ್ಟು ಮಾಡಿದ್ದರೆ ನನಗೆ ಸಮಾಧಾನವಾಗುತ್ತಿತ್ತು, ಜಗಳವಾದರೂ ಆಡಬಹುದಿತ್ತು. ಅವಳಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. ಮೆಣಸಿನಕಾಯಿಯ ಮುಷ್ಟಿಯನ್ನು ಹಾಗೇ ಹಿಡಿದುಕೊಂಡು ಕೇಳಿದಳು:

"ಯಾಕೇ? ಏನು ಕಮ್ಮಿಯಾಗೈತೆ ಆ ಮನೇಲಿ?"